ಏಳನೇ ಗಿಡ

ನೋಟಿಸ್ ಬೋರ್ಡಿನ ಪಟ್ಟಿಯಲ್ಲಿ
ನನ್ನ ಹೆಸರಿನ ಎದುರು ನಾಲ್ಕು ಹೆಸರು.
ಪ್ರತಿ ಸೋಮವಾರ, ಸಂಜೆ ಐದಕ್ಕೆ, ಕಿರಿಯರಿಗೆ ದಾರಿ ತೋರಿಸುವುದು.
ಒಬ್ಬನಿಗೆ ಕ್ರಿಕೆಟ್ಟು, ಒಬ್ಬಳಿಗೆ ನವನಗರದ ಕೋಚಿಂಗು,
ಮತ್ತೊಬ್ಬನ ಸಂಗತಿ ನನಗಿನ್ನೂ ಗೊತ್ತಿಲ್ಲ.
ಬಂದವಳು ದ್ರಾಕ್ಷಾಯಣಿ, ಗುಳೇದಗುಡ್ಡದವಳು,
ಹೆಸರಿನಲ್ಲಿ ದ್ರಾಕ್ಷಿ, ಕೈಯಲ್ಲಿ ದಾಳಿಂಬೆಯ ಎಲೆ,
ಎಲೆಗೆ ಖಣದ ಚೂರೊಂದನ್ನು ಸುತ್ತಿ ತಂದಿದ್ದಳು
ಬೆರಳ ಗಾಯಕ್ಕೆ ಸುತ್ತಿದಂತೆ.

ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ.
'ಅಕ್ಕಾರ, ಕರ್ರಗ ಉದ್ದಕ ಏನೋ ಕಾಣಸ್ತೈತ್ರಿ,
ಹುಳಾನ ಏನ್ರಿ?'
'ಅದು ನಿನ್ನ ಕಣ್ಣರೆಪ್ಪಿ, ಹುಚ್ಚೀ.'
ಇಬ್ಬರೂ ನಕ್ಕೆವು.
ಆರು ವರ್ಷದ ಹಿಂದೆ ಇದೇ ಗಾಜಿನಲ್ಲಿ
ನನ್ನ ರೆಪ್ಪೆಯ ಚಿತ್ರ ಬರೆದು
ಕೆಳಗೊಂದು ಶಿಲೀಂಧ್ರದ ಹೆಸರು ಬರೆದಿದ್ದೆ ನಾನು.
ಹೇಳುವವರಿರಲಿಲ್ಲ.
ಹತ್ತಕ್ಕೆ ಏಳು ಬಿದ್ದಿತ್ತು.

ನಾನು ಅಂದದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಳು,
ಸೀಸದ ಕಡ್ಡಿ ಕಚ್ಚಿ ಕಚ್ಚಿ.
ಪ್ರಬಂಧವನ್ನು ಕೊನೆಯ ಪುಟದಿಂದ ಓದು.
ಗ್ರಂಥಾಲಯದಲ್ಲಿ ಕಿಟಕಿಯ ಕಡೆ ಫ್ಯಾನು ಮಾತ್ರ ತಿರುಗುತ್ತದೆ.
ಇಂಗ್ಲಿಷಿಗೆ ಅಂಜಬ್ಯಾಡ, ಅದೂ ಒಂದು ಕುರ್ಪಿ,
ಹಿಡಿ ಕೈಗೆ ಕುಂತರ ಸಾಕು.
ಗುರುವಾರ ಮೆಸ್ಸಿನ ಪಲ್ಯ ತಿನ್ನಬ್ಯಾಡ.
ಅದನ್ನೂ ಬರೆದುಕೊಂಡಳು, ದಿನಾಂಕ ಹಾಕಿ.

ಡಿಸೆಂಬರಿನ ಒಂದು ಬೆಳಗು ಪ್ಲಾಟಿಗೆ ಹೋದೆವು.
ಕೆಂಪು ನೆಲ, ಇಪ್ಪತ್ತನಾಲ್ಕು ಗಿಡ,
ಒಂದೊಂದರ ಕೊರಳಿಗೂ ತಗಡಿನ ಸಂಖ್ಯೆ.
ಹಿನ್ನೀರಿನ ಕಡೆಯಿಂದ ತಣ್ಣನೆ ಗಾಳಿ.
ನನ್ನ ವಹಿ ಅವಳ ಕೈಯಲ್ಲಿತ್ತು.
'ಅಕ್ಕಾರ,
ಏಳನೇ ಗಿಡ ದಸರಾಕ್ಕs ಒಣಗಿ ಹೋಗೇತ್ರಿ.
ಇಲ್ಲಿ ದೀಪಾವಳಿಗೆ
ಹದಿನಾರು ಚಿಗುರು ಒಡದಾವಲ್ರಿ?'

ತಗಡು ಗಾಳಿಗೆ ಟಿಣ್ ಟಿಣ್ ಅಂತಿತ್ತು.

ಆ ವಾರ ಜ್ವರ. ಅಧ್ಯಾಯ ಒಪ್ಪಿಸುವ ಗಡುವು.
ಆರನೇ ಗಿಡಕ್ಕೆ ಎಂಟನೆಯದನ್ನು ಕೂಡಿಸಿ
ಅರ್ಧ ಮಾಡಿ ಬರೆದಿದ್ದೆ.
ಇಷ್ಟನ್ನು ಹೇಳಬಹುದಿತ್ತು.
'ಹಂಗ ಮಾಡ್ತಾರ ತಂಗಿ, ಎಲ್ಲಾರೂ' ಅಂದೆ.

ನಾನು ಅಂದದ್ದನ್ನೆಲ್ಲ ಬರೆದುಕೊಳ್ಳುವ ಹುಡುಗಿ
ಅದನ್ನೂ ಬರೆದುಕೊಂಡಳು.

'ಮಗ್ಗದಾಗ ಹಂಗ ಬರಂಗಿಲ್ರಿ' ಅಂದಳು ಆಮೇಲೆ,
ಮಗ್ಗದ್ದೇ ಏನೋ ಕೊರತೆ ಎಂಬಂತೆ.
'ಎಳಿ ಕಡೀತಂದ್ರ ನಮ್ಮಪ್ಪ ನಿಲ್ಲಿಸೇ ಬಿಡ್ತಾನ್ರಿ.'
ನನ್ನ ಮುಖ ನೋಡಿದಳು.
ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ,
ಅದು ಮೆಚ್ಚುಗೆ.

ಹಾಸ್ಟೆಲಿನಲ್ಲಿ ಆ ರಾತ್ರಿ
ಹದಿನಾರರ ಮೇಲೆ ಕೆಂಪು ಗೆರೆ ಎಳೆದೆ.
ಪಕ್ಕದಲ್ಲಿ 'ಸತ್ತಿದೆ' ಎಂದು ಬರೆದೆ. ತಾರೀಖು. ಸಹಿ.
ಇಪ್ಪತ್ಮೂರರಿಂದ ಭಾಗಿಸುತ್ತ ಕೂತೆ.
ಎರಡು ಕೋಷ್ಟಕ ನಿಂತವು, ಒಂದು ಬಿತ್ತು.
ಬಿದ್ದದ್ದು ಸಾಹೇಬರು
ಪುಣೆಯ ಸಮ್ಮೇಳನಕ್ಕೆ ಕಳಿಸಿದ್ದು.

ಸೋಮವಾರ ಐದಕ್ಕೆ ಬಂದಳು.
'ಆವತ್ತು ಬರಕೊಂಡಿಯಲ್ಲ, ಅದನ್ನ ತೆಗಿ.'
ರಬ್ಬರು ಹುಡುಕಿದಳು.
'ಅಳಿಸಬ್ಯಾಡ. ಒಂದು ಗೆರಿ ಎಳಿ,
ಕೆಳಗಿನ ಅಕ್ಷರ ಓದಾಕ ಬರೂ ಹಂಗ.'
'ಯಾಕ್ರಿ?'
ಉತ್ತರ ನನಗೂ ಪೂರ್ತಿ ಗೊತ್ತಿರಲಿಲ್ಲ.
ನನ್ನ ವಹಿ ತೆರೆದು ಆ ಪುಟ ತೋರಿಸಿದೆ.
ಬಹಳ ಹೊತ್ತು ನೋಡಿದಳು,
ಕೆಂಪು ಗೆರೆಯ ಮೇಲೆ ಬೆರಳಾಡಿಸುತ್ತ,
ಬಟ್ಟೆಯಲ್ಲಿ ಗಂಟು ಹುಡುಕುವವಳ ಹಾಗೆ.

ಸಾಹೇಬರ ಕೋಣೆ ಎರಡನೇ ಮಹಡಿ.
ದೀಪ ಉರಿಯುತ್ತಿತ್ತು.
ವಹಿ ಎದೆಗವಚಿಕೊಂಡು ಮೆಟ್ಟಿಲ ಬುಡದಲ್ಲಿ ನಿಂತೆ,
ಜೋಳದ ರೊಟ್ಟಿ ಗಂಟಲಲ್ಲೇ ನಿಂತಂತೆ.
'ನಾನೂ ಬರ್ಲೇನ್ರಿ, ಅಕ್ಕಾರ?'
ಬ್ಯಾಡ ಅಂದೆ.
ಬಂದಳು.